ಒತ್ತಕ್ಷರ ಒಡೆಯದ ಸಾಫ್ಟ್‌ವೇರ್ ಬೇಕಿತ್ತು

ಸಾಗರ, ಸೊರಬ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಹೆಣ್ಣುಮಕ್ಕಳು ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರದ ಬಗ್ಗೆ ನಾವು ಒಂದಷ್ಟು ಜನ ಸೇರಿ ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದೇವೆ. ಅದಕ್ಕೆ ದುಡ್ಡು ಬೇಕು, ದುಡ್ಡು ಕೇಳೋಕೆ ಪಿಚ್ ಡಾಕ್ಯುಮೆಂಟ್ ಬೇಕು. ಕಥೆ ಏನು, ಹೇಗೆ ತೋರಿಸ್ತೀವಿ, ತಂಡದಲ್ಲಿ ಯಾರಿದ್ದಾರೆ, ಚಿತ್ರೀಕರಣ ಯಾವಾಗ, ಖರ್ಚು ಎಷ್ಟು, ಇಷ್ಟೂ ಇಪ್ಪತ್ತು ಪುಟದ ಒಳಗೆ ಬರಬೇಕು. ಓದುವವರಿಗೆ ಪುಟ ತಿರುಗಿಸುತ್ತಲೇ ಸಿನಿಮಾ ಹೇಗಿರುತ್ತೆ ಅಂತ ಕಣ್ಣಿಗೆ ಕಟ್ಟಬೇಕು.

ಸುಮಾರಾಗಿ ಎಲ್ಲರೂ ಇದನ್ನು ಇಂಗ್ಲಿಷಿನಲ್ಲಿ ಮಾಡುತ್ತಾರೆ. ನಾವು ಕನ್ನಡದಲ್ಲೂ ಮಾಡಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆವು. ಯಾರ ಮನೆ ಗೋಡೆ ತೋರಿಸುತ್ತೇವೋ ಅವರಿಗೆ ಓದಲು ಬಾರದ ಭಾಷೆಯಲ್ಲಿ ಅವರ ಬಗ್ಗೆ ಬರೆದು, ಅವರು ನೋಡುವ ಮೊದಲೇ ಬೇರೆ ಊರಿನವರ ಹತ್ತಿರ ದುಡ್ಡು ಕೇಳುವುದು ನನಗೆ ಸರಿ ಕಾಣಲಿಲ್ಲ. ಮೊದಲು ಅವರು ಓದಬೇಕು. ಬೇಡ ಅಂದದ್ದನ್ನು ತೆಗೆಯಬೇಕು. ಆಮೇಲೆ ಉಳಿದವರಿಗೆ. ಹಾಗಾಗಿ ಕನ್ನಡ ಪುಟಗಳು ಇಂಗ್ಲಿಷ್ ಪುಟಗಳಷ್ಟೇ ಚೆನ್ನಾಗಿರಬೇಕಿತ್ತು. ಸಾಫ್ಟ್‌ವೇರ್ ಹುಡುಕಾಟ ಅಷ್ಟು ದಿನ ಎಳೆದದ್ದು ಈ ಒಂದು ಕಾರಣಕ್ಕೆ.

ಶುರುವಿನಲ್ಲಿ ಗೆಳೆಯರು ಹೇಳಿದ್ದು ಕ್ಯಾನ್ವಾ. 2013ರಲ್ಲಿ ಶುರುವಾದ, ಇಂಟರ್ನೆಟ್ಟಿನಲ್ಲಿ ನಡೆಯುವ ಈ ವಿನ್ಯಾಸದ ಸೇವೆ ಈಗ ಮದುವೆ ಕಾರ್ಡಿನಿಂದ ಹಿಡಿದು ಎಲ್ಲದಕ್ಕೂ ಬಳಕೆಯಲ್ಲಿದೆ, ಕನ್ನಡ ಫಾಂಟ್‌ಗಳೂ ಇವೆ. ಒಂದು ಪುಟದ ಪೋಸ್ಟರ್ ಆಗಿದ್ದರೆ ನಾನೂ ಅದರಲ್ಲೇ ಮಾಡಿ ಮುಗಿಸುತ್ತಿದ್ದೆ. ಆದರೆ ನಮಗೆ ಎರಡು ಕಷ್ಟ ಇದ್ದವು. ಕಥಾಸಾರ ಮೂರು ಪುಟಕ್ಕೆ ಹರಿಯುತ್ತಿತ್ತು. ಒಂದು ಪುಟದ ಬರಹದ ಚೌಕ ತುಂಬಿದರೆ ಉಳಿದದ್ದು ತಾನಾಗಿ ಮುಂದಿನ ಪುಟದ ಚೌಕಕ್ಕೆ ಹೋಗಬೇಕು, ಆ ಥರ ಚೌಕಗಳನ್ನು ಒಂದಕ್ಕೊಂದು ಜೋಡಿಸುವ ಅನುಕೂಲ ಅಲ್ಲಿ ಇಲ್ಲ. ಮೇಲಿನ ಪ್ಯಾರಾದಲ್ಲಿ ಎರಡು ಸಾಲು ಸೇರಿಸಿದರೆ ಮುಂದಿನ ಪುಟಗಳನ್ನೆಲ್ಲ ಕೈಯಿಂದ ಕತ್ತರಿಸಿ ಅಂಟಿಸುತ್ತಾ ಕೂರಬೇಕು. ಇನ್ನೊಂದು ನಮ್ಮ ಮಲೆನಾಡಿನದೇ ಕಷ್ಟ. ಜೂನ್ ಬಂತು ಅಂದರೆ ಮರ ಬಿದ್ದು ತಂತಿ ತುಂಡಾಗುತ್ತೆ, ಕರೆಂಟು ಹೋಗುತ್ತೆ, ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿನೂ ಮುಗಿದು ನೆಟ್‌ವರ್ಕ್ ಹೋಗುತ್ತೆ. ನಾವು ಕೆಲಸ ಮಾಡುತ್ತಿದ್ದದ್ದೇ ಮಳೆಗಾಲದಲ್ಲಿ, ಚಿತ್ರೀಕರಣ ಇಲ್ಲದ ಸಮಯದಲ್ಲಿ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದಷ್ಟು ಹೊತ್ತು ಕೆಲಸ ಸಾಗಬೇಕು ಅಂದರೆ ಸಾಫ್ಟ್‌ವೇರ್ ಲ್ಯಾಪ್‌ಟಾಪಿನೊಳಗೇ ಇರಬೇಕು. ಗೂಗಲ್ ಸ್ಲೈಡ್ಸ್‌ನಲ್ಲೂ ಚೌಕ ಜೋಡಿಸುವ ಅನುಕೂಲ ಇಲ್ಲ, ಅದೂ ಪಟ್ಟಿಯಿಂದ ಹೋಯಿತು.

ಆಮೇಲೆ ಶಿವಮೊಗ್ಗಕ್ಕೆ ಹೋಗಿ ದುರ್ಗಿಗುಡಿ ಕಡೆ ತುಂಬಾ ವರ್ಷದಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುತ್ತಿರುವ ಒಬ್ಬರನ್ನು ಕೇಳಿದೆ. ಸ್ಮರಣ ಸಂಚಿಕೆ, ಆಮಂತ್ರಣ, ಸಂಘದ ವಾರ್ಷಿಕ ವರದಿ ಎಲ್ಲ ಅವರ ಕೈಯಲ್ಲಿ ಆಗಿದ್ದು.

"ಪೇಜ್‌ಮೇಕರ್‌ಗೆ ನುಡಿ ಹಾಕಿ ಮಾಡಿಕೊಡ್ತೀನಿ ಮಾರಾಯ, ಒಂದು ಅಕ್ಷರ ಅಲ್ಲಾಡಲ್ಲ" ಅಂದರು.

"ಅಣ್ಣಾ, ಅದನ್ನ ಫೋನಲ್ಲಿ ಓದುವಾಗ ಒಂದು ಪದ ಹುಡುಕಿದ್ರೆ ಸಿಗುತ್ತಾ?"

"ಅದು ಸಿಗಲ್ಲ. ಪ್ರಿಂಟ್ ಬೇಕಾದ್ರೆ ಹೇಳು."

ಅವರು ಹೇಳಿದ್ದು ನೇರ ಮಾತು. ಪೇಜ್‌ಮೇಕರ್ 1985ರಲ್ಲಿ ಆಲ್ಡಸ್ ಕಂಪನಿ ತಂದ ಪುಟ ವಿನ್ಯಾಸದ ಸಾಫ್ಟ್‌ವೇರ್, 1994ರಲ್ಲಿ ಅಡೋಬಿ ಪಾಲಾಯಿತು, 2001ರ 7.0 ಅದರ ಕೊನೆಯ ದೊಡ್ಡ ಆವೃತ್ತಿ. ನಮ್ಮ ಊರಿನ ಎಷ್ಟೋ ಪ್ರೆಸ್‌ಗಳಲ್ಲಿ ಅದು ಇನ್ನೂ ಅನ್ನ ಹಾಕುತ್ತಿದೆ. ಅದರ ಜೊತೆ ಬಳಸುವ ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟ್‌ಗಳು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿಯವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಮಾಡಿದವು. ಕಾಗದದ ಮೇಲೆ ಚೆಂದ ಕಾಣುತ್ತೆ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿದರೆ ಮಾತ್ರ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತೆ. ಕಣ್ಣು ಕಾಣದವರು ಬಳಸುವ ಓದುವ ತಂತ್ರಾಂಶಕ್ಕೂ ಅದು ಕನ್ನಡ ಅಂತ ಗೊತ್ತಾಗಲ್ಲ. ನಮ್ಮ ಡಾಕ್ಯುಮೆಂಟ್ ಹೆಚ್ಚು ಓಡಾಡುವುದು ವಾಟ್ಸಾಪಿನಲ್ಲಿ ಮತ್ತು ಮೇಲ್‌ನಲ್ಲಿ. ಹಾಗಾಗಿ ಯೂನಿಕೋಡ್ ಬಿಟ್ಟು ಬೇರೆ ದಾರಿ ಇರಲಿಲ್ಲ. ಆದರೂ ಆ ಅಣ್ಣನ ಹತ್ತಿರ ಕೂತದ್ದು ತುಂಬಾ ಉಪಯೋಗವಾಯಿತು. ಕನ್ನಡದ ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕು ಅಂತ ಸರಿಯಾಗಿ ಹೇಳಿಕೊಟ್ಟದ್ದು ಅವರೇ.

ಅಲ್ಲಿಂದ ಬಂದ ಮೇಲೆ ನಾನು ಒಂದು ಪರೀಕ್ಷೆ ಪುಟ ಮಾಡಿಕೊಂಡೆ. ಯಾವುದೇ ಸಾಫ್ಟ್‌ವೇರ್ ಆಗಲಿ, ಅದರಲ್ಲಿ ಏನೇನಿದೆ ಅಂತ ಪಟ್ಟಿ ಓದುವ ಮೊದಲು ಈ ಪುಟ ಹಾಕಿ ನೋಡುವುದು. ಅದರಲ್ಲಿ ಬೇಕಂತಲೇ ಕಷ್ಟದ ಪದಗಳು: ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಸಾಕ್ಷ್ಯಚಿತ್ರ, ದೃಷ್ಟಿ, ತೀರ್ಥಹಳ್ಳಿ, ಚಿತ್ತಾರ. ಜೊತೆಗೆ ಸಾಫ್ಟ್‌ವೇರ್, ಫೇಸ್‌ಬುಕ್. ಇವುಗಳ ಮಧ್ಯೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತೆ, ಅದು ಕೆಲಸ ಮಾಡದಿದ್ದರೆ 'ವ' ಹೋಗಿ 'ಟ'ದ ಕೆಳಗೆ ಒತ್ತಾಗಿ ಕೂರುತ್ತೆ. ರ‍್ಯಾಂಕ್ ಅನ್ನೋ ಪದನೂ ಹಾಕಿದ್ದೆ, ಅಲ್ಲಿ 'ರ' ಅರ್ಕಾವತ್ತಾಗದೆ ಪೂರ್ತಿಯಾಗಿ ನಿಲ್ಲಬೇಕು. ಒಂದು ಉದ್ದನೆಯ ಪ್ಯಾರಾ, ಅದರ ಮಧ್ಯೆ ಇಂಗ್ಲಿಷ್ ಪದ, ಒಂದು ದಪ್ಪಕ್ಷರದ ತಲೆಬರಹ. ಪಿಡಿಎಫ್ ತೆಗೆದು ಅದರಲ್ಲಿ 'ಚಿತ್ತಾರ' ಅಂತ ಹುಡುಕುವುದು. ಸಿಕ್ಕಿದರೆ ಮುಂದಕ್ಕೆ, ಇಲ್ಲದಿದ್ದರೆ ಅಲ್ಲಿಗೇ ಬಿಡುವುದು.

ಒಮ್ಮೆ ದುಡ್ಡು ಕೊಟ್ಟರೆ ಸಾಕು ಅನ್ನುವ, ನೋಡೋಕೆ ತುಂಬಾ ಅಚ್ಚುಕಟ್ಟಾದ ಒಂದು ಸಾಫ್ಟ್‌ವೇರ್ ಇತ್ತು, ಹೆಸರು ಬೇಡ. ತಂಡದಲ್ಲಿ ಎಲ್ಲರಿಗೂ ಅದೇ ಇಷ್ಟವಾಗಿತ್ತು. ಪರೀಕ್ಷೆ ಪುಟ ಹಾಕಿದರೆ ಒತ್ತುಗಳು ಅಕ್ಷರದ ಕೆಳಗೆ ಇಳಿಯಲೇ ಇಲ್ಲ, 'ಸ್ತ್ರೀ' ಬಿಡಿಬಿಡಿಯಾಗಿ ಸಾಲಾಗಿ ನಿಂತಿತು. ನನಗೆ ನಿಜಕ್ಕೂ ಬೇಜಾರಾಯಿತು. ಇಷ್ಟು ಕೋಟಿ ಜನ ಓದುವ ಲಿಪಿ ಇದು, ಅಕ್ಷರ ಜೋಡಿಸುವುದಕ್ಕೆ ಹಾರ್ಫ್‌ಬಝ್ ಥರದ ಉಚಿತ ತಂತ್ರಾಂಶ ಎಲ್ಲರಿಗೂ ಸಿಗುವ ಹಾಗೆ ಇರುವಾಗಲೂ ಹೀಗಾಗಬಾರದು.

ಇನ್‌ಡಿಸೈನ್ ಬಗ್ಗೆ ಹೇಳಲೇಬೇಕು. ಅಡೋಬಿಯವರ ಪುಟ ವಿನ್ಯಾಸದ ಸಾಫ್ಟ್‌ವೇರ್ ಅದು, ಈ ಕೆಲಸಕ್ಕೆ ಒಳ್ಳೆಯ ಉಪಕರಣ, ಅನುಮಾನ ಇಲ್ಲ. ಕನ್ನಡ ಬಳಸುವವರು ತಿಳಿದುಕೊಳ್ಳಬೇಕಾದ್ದು ಒಂದೇ: ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿಗೆ ಹೋಗಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡರೆ ಒತ್ತು, ಕಾಗುಣಿತ ಎಲ್ಲ ತಮ್ಮ ಜಾಗಕ್ಕೆ ಬರುತ್ತವೆ. ಇದನ್ನು ಫಾಂಟ್, ಅಳತೆ ಎಲ್ಲ ಒಟ್ಟಿಗೆ ಉಳಿಸಿಡುವ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೇ ಸೇರಿಸಿಟ್ಟರೆ ಪ್ರತಿ ಸಲ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಆದರೆ ಅದು ತಿಂಗಳು ತಿಂಗಳು ಬಾಡಿಗೆ ಕಟ್ಟುವ ಲೆಕ್ಕ. ದುಡ್ಡು ಬರುವ ಮೊದಲಿನ ಕೆಲಸ ನಮ್ಮದು. ಒಂದು ಕಡೆ ಉತ್ತರ ಬರಲು ಆರು ತಿಂಗಳಾದರೂ ಆಗಬಹುದು, ಅಷ್ಟೂ ದಿನ ಫೈಲ್ ತಿದ್ದುತ್ತಲೇ ಇರಬೇಕು. ಬಾಡಿಗೆ ನಿಂತ ದಿನ ನಮ್ಮ ಫೈಲೇ ನಮಗೆ ತೆರೆಯೋಕೆ ಆಗಲ್ಲ ಅನ್ನೋದು ನನಗೆ ಒಪ್ಪಿಗೆಯಾಗಲಿಲ್ಲ. ಕಳ್ಳ ಪ್ರತಿ ಹಾಕೋಣ ಅಂತ ಒಬ್ಬರು ಅಂದರು. ಬೇರೆಯವರ ಕಲೆಗೆ ಬೆಲೆ ಕೊಡಿ ಅಂತ ಕೇಳುವ ಡಾಕ್ಯುಮೆಂಟ್ ಅದು, ಹಾಗೆ ಮಾಡುವುದು ಬೇಡ ಅಂತ ಎಲ್ಲರೂ ಒಪ್ಪಿದೆವು.

ಉಳಿದದ್ದು ಲಿಬ್ರೆ ಆಫೀಸ್ ಮತ್ತು ಸ್ಕ್ರೈಬಸ್. ಮೊದಲನೆಯದು ಕಚೇರಿ ಕೆಲಸದ ತಂತ್ರಾಂಶಗಳ ಕಟ್ಟು, ಎರಡನೆಯದು ಪುಟ ವಿನ್ಯಾಸದ್ದು. ಎರಡೂ ಉಚಿತ, ಎರಡೂ ಮುಕ್ತ ತಂತ್ರಾಂಶ. ಲಿಬ್ರೆ ಆಫೀಸ್‌ನಲ್ಲಿ ಕನ್ನಡ ಚೆನ್ನಾಗಿ ಕೂರುತ್ತೆ. ಅಲ್ಲಿ ಸ್ಟೈಲ್ ಮಾಡುವಾಗ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಬೇರೆ ಫಾಂಟ್, ಎರಡರ ಅಳತೆಯನ್ನೂ ಬೇರೆ ಬೇರೆ ಕೊಡಬಹುದು. ನಮ್ಮಂಥ ಎರಡು ಭಾಷೆಯ ಬರಹಕ್ಕೆ ಇದು ದೊಡ್ಡ ಅನುಕೂಲ. ಬರೀ ಬರಹ ಜಾಸ್ತಿ ಇದ್ದು ಚಿತ್ರ ಕಮ್ಮಿ ಇದ್ದರೆ ಅದರಲ್ಲಿನ ಬರಹದ ತಂತ್ರಾಂಶ ರೈಟರ್ ಸಾಕು ಅಂತಲೇ ನನ್ನ ಅಭಿಪ್ರಾಯ. ನಮ್ಮದರಲ್ಲಿ ಪುಟ ಪೂರ್ತಿ ಫೋಟೋ, ಅಂಚಿನಿಂದ ಅಂಚಿಗೆ ಬಣ್ಣ, ಗೆರೆಗಳ ಮೇಲೆ ಬರಹ. ಅದಕ್ಕೆ ಪುಟ ವಿನ್ಯಾಸದ್ದೇ ಸಾಫ್ಟ್‌ವೇರ್ ಬೇಕಿತ್ತು.

ಸ್ಕ್ರೈಬಸ್ ಬಗ್ಗೆ ಕೇಳಿದಾಗ ತುಂಬಾ ಜನ "ಅದರಲ್ಲಿ ಕನ್ನಡ ಬರಲ್ಲ" ಅಂದರು. ಅವರು ಹೇಳಿದ್ದು ಒಂದು ಕಾಲಕ್ಕೆ ನಿಜ. 1.4 ಆವೃತ್ತಿಗಳಲ್ಲಿ ನಮ್ಮ ಲಿಪಿಗಳ ಜೋಡಣೆ ಇರಲಿಲ್ಲ. ಅದು ಬಂದದ್ದು 1.5ರ ಪ್ರಯೋಗದ ಆವೃತ್ತಿಗಳಲ್ಲಿ, ಮತ್ತೆ ಎಲ್ಲರೂ ನಂಬಿ ಬಳಸುವ 1.6 ಬಿಡುಗಡೆಯಾದದ್ದು 2024ರ ಜನವರಿಯಲ್ಲಿ. ಹಾಗಾಗಿ ನೀವು ಹಾಕಿಕೊಳ್ಳುವುದಾದರೆ ಆವೃತ್ತಿ ಯಾವುದು ಅಂತ ಮೊದಲು ನೋಡಿ. ನಾನು 1.6 ಹಾಕಿ ಪರೀಕ್ಷೆ ಪುಟ ತೆರೆದೆ. ಸ್ತ್ರೀ ಸರಿ. ರಾಷ್ಟ್ರ ಸರಿ. ತೀರ್ಥಹಳ್ಳಿಯ ಅರ್ಕಾವತ್ತು ಸರಿ. ಪಿಡಿಎಫ್‌ನಲ್ಲಿ 'ಚಿತ್ತಾರ' ಹುಡುಕಿದರೆ ಸಿಕ್ಕಿತು. ಆ ರಾತ್ರಿಯೇ ತಂಡದವರಿಗೆಲ್ಲ ಕಳಿಸಿದೆ.

ಕಲಿಯೋಕೆ ಸುಲಭ ಅಂತ ಹೇಳಲ್ಲ. ಎಲ್ಲವೂ ಚೌಕದೊಳಗೆ. ಬರಹಕ್ಕೆ ಒಂದು ಚೌಕ, ಚಿತ್ರಕ್ಕೆ ಒಂದು ಚೌಕ, ಮೊದಲು ಚೌಕ ಎಳೆದು ಆಮೇಲೆ ಒಳಗೆ ತುಂಬಬೇಕು. ಕೋಷ್ಟಕದ ಅನುಕೂಲ ಇನ್ನೂ ಎಳಸು, ಆದ್ದರಿಂದ ಬಜೆಟ್ ಪುಟಗಳನ್ನು ಲಿಬ್ರೆ ಆಫೀಸ್‌ನಲ್ಲಿ ಅದೇ ಫಾಂಟ್ ಹಾಕಿ ಮಾಡಿ, ಎರಡು ಪಿಡಿಎಫ್‌ಗಳನ್ನೂ ಪಿಡಿಎಫ್‌ಸ್ಯಾಮ್‌ನಲ್ಲಿ ಸೇರಿಸಿದೆ. ಅದು ಒಂದು ರೀತಿ ಒಳ್ಳೆಯದೇ ಆಯಿತು. ಬಜೆಟ್ ಪದೇ ಪದೇ ಬದಲಾಗುತ್ತೆ, ಲೆಕ್ಕ ಗೊತ್ತಿರುವವರು ಸ್ಕ್ರೈಬಸ್ ಮುಟ್ಟದೆ ತಿದ್ದಬಹುದು.

ಫಾಂಟ್ ಆರಿಸುವುದಕ್ಕೆ ಬೇರೆಯದೇ ಸಮಯ ಹಿಡಿಯಿತು. ಬರಹಕ್ಕೆ ನೋಟೋ ಸೆರಿಫ್ ಕನ್ನಡ, ತಲೆಬರಹಕ್ಕೆ ಅನೇಕ್ ಕನ್ನಡ. ಅನೇಕ್ ಅನ್ನೋದು ಏಕ್ ಟೈಪ್‌ನವರು ಮಾಡಿದ ಕುಟುಂಬ, ಭಾರತದ ಒಂಬತ್ತು ಲಿಪಿಗಳಿಗೂ ರೋಮನ್‌ಗೂ ಒಂದೇ ಮನೆತನದ ಅಕ್ಷರಗಳು. ಇಂಗ್ಲಿಷ್ ತಲೆಬರಹ ಮತ್ತು ಕನ್ನಡ ತಲೆಬರಹ ಅಕ್ಕ ತಂಗಿಯರ ಹಾಗೆ ಕಾಣುತ್ತವೆ. ಎರಡೂ ಮುಕ್ತ ಪರವಾನಗಿಯವು, ಪ್ರಿಂಟಿಗೂ ಪಿಡಿಎಫ್‌ಗೂ ಯಾರನ್ನೂ ಕೇಳಬೇಕಿಲ್ಲ. ಇಳಿಸಿಕೊಳ್ಳುವಾಗ ಸಿಗುವ ಫೋಲ್ಡರ್‌ನಲ್ಲಿ ವೇರಿಯಬಲ್ ಫೈಲ್ ಬಿಟ್ಟು ಸ್ಟ್ಯಾಟಿಕ್ ಅನ್ನುವ ಫೋಲ್ಡರಿನ ಫೈಲ್‌ಗಳನ್ನು ಹಾಕಿಕೊಳ್ಳಿ, ಸ್ಕ್ರೈಬಸ್‌ಗೆ ಅವೇ ಹೊಂದುತ್ತವೆ.

ಸಾಲಿನ ಅಂತರದ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟ್‌ಗಳಲ್ಲಿ ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸುಗೆ ತಾಗುತ್ತೆ. ಡಿಟಿಪಿ ಅಣ್ಣ ಹೇಳಿದಂತೆ ನಾನು 11 ಪಾಯಿಂಟ್ ಬರಹಕ್ಕೆ 17 ಪಾಯಿಂಟ್ ಅಂತರ ಇಟ್ಟೆ. ಎರಡೂ ಬದಿ ಸಮ ಮಾಡುವುದನ್ನೂ ಬಿಟ್ಟೆ. ನಮ್ಮ ಪದಗಳು ಉದ್ದ. 'ಬರೆಯಬೇಕಾಗಿರುವುದರಿಂದ' ಅಂತ ಒಂದು ಪದ ಬಂದರೆ ಕಿರಿದಾದ ಕಾಲಂನಲ್ಲಿ ಉಳಿದ ಪದಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬೀಳುತ್ತೆ. ಎಡಕ್ಕೆ ಹೊಂದಿಸಿ ಬಲಕ್ಕೆ ಹಾಗೇ ಬಿಟ್ಟರೆ ಓದಲು ಆರಾಮ. ಕನ್ನಡ ಮತ್ತು ಇಂಗ್ಲಿಷನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಕೂರಿಸುವ ಯೋಚನೆ ಇತ್ತು, ಅಂತರ ಬೇರೆ ಬೇರೆ ಆದ್ದರಿಂದ ಸಾಲುಗಳು ಎದುರುಬದುರು ಕೂರಲ್ಲ. ಎರಡು ಬೇರೆ ಪುಸ್ತಕ ಮಾಡಿದೆವು, ವಿನ್ಯಾಸ ಒಂದೇ.

ಈಗ ಗೆರೆಗಳ ವಿಷಯ. ಹಸೆ ಚಿತ್ತಾರದ ಜೀವ ಇರುವುದು ಗೆರೆಯಲ್ಲಿ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಅರೆದ ಬಿಳಿ ಬಣ್ಣದ ಗೆರೆ. ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಫೋಟೋದಿಂದ ಆ ಗೆರೆಗಳನ್ನು ಕತ್ತರಿಸಿ ಹಾಕಿದರೆ ಅಂಚು ಮಸುಕಾಗುತ್ತೆ. ಅದಕ್ಕೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ ಟ್ರೇಸ್ ಮಾಡಿ, ಕೈಯಲ್ಲಿ ತಿದ್ದಿ, ಎಸ್‌ವಿಜಿ, ಅಂದರೆ ಚುಕ್ಕೆಗಳ ಬದಲು ಗೆರೆಗಳನ್ನೇ ಹಿಡಿದಿಡುವ ಫೈಲ್ ಆಗಿ ತಂದೆ. ಎಷ್ಟು ದೊಡ್ಡದು ಮಾಡಿದರೂ ಗೆರೆ ಚೂಪಾಗಿರುತ್ತೆ, ಫೈಲ್ ತೂಕವೂ ಕಮ್ಮಿ. ತಿದ್ದುವಾಗ ಗೆರೆಯನ್ನು ಅಳತೆಕೋಲು ಇಟ್ಟ ಹಾಗೆ ನೇರ ಮಾಡಲಿಲ್ಲ. ಕೈಯ ನಡೆ ಹಾಗೇ ಉಳಿಸಿದೆ, ಅದನ್ನು ತೆಗೆದರೆ ಬರೆದವರನ್ನೇ ತೆಗೆದಂತೆ.

ಕನ್ನಡ ಪುಟಗಳ ಮೊದಲ ಪ್ರತಿ ಆದ ಕೂಡಲೇ ಪ್ರಿಂಟ್ ತೆಗೆದು ಸಾಗರದ ಹತ್ತಿರ, ಯಾರ ಗೋಡೆ ತೋರಿಸುತ್ತೇವೋ ಆ ಮನೆಗೆ ತೆಗೆದುಕೊಂಡು ಹೋದೆವು. ಅಲ್ಲಿನ ಅಜ್ಜಿಗೆ ಓದಲು ಬರಲ್ಲ. ಮೊಮ್ಮಗಳು ಜಗಲಿಯಲ್ಲಿ ಕೂತು ಒಂದೊಂದೇ ಪುಟ ಗಟ್ಟಿಯಾಗಿ ಓದಿದಳು. ಎಲ್ಲೂ ತಡವರಿಸಲಿಲ್ಲ. ಅಷ್ಟು ದಿನ ಒತ್ತಕ್ಷರದ ಹಿಂದೆ ಬಿದ್ದದ್ದಕ್ಕೆ ನನಗೆ ಅದೇ ಸಾಕಿತ್ತು. ಅಜ್ಜಿ ಪೂರ್ತಿ ಕೇಳಿದರು. ಬರಹದಲ್ಲಿ ತಮ್ಮ ತವರಿನ ವಿಷಯ ಬಂದ ಒಂದು ಸಾಲು ಬೇಡ ಅಂದರು. ಆಮೇಲೆ ಪುಟದ ಮೇಲಂಚಿನಲ್ಲಿ ನಾವು ಅಲಂಕಾರಕ್ಕೆ ಹಾಕಿದ್ದ ಪಟ್ಟಿ ಮೇಲೆ ಬೆರಳಿಟ್ಟರು. ಹಸೆಯ ಮೇಲಿನ ಭಾಗವನ್ನಷ್ಟೇ ಕತ್ತರಿಸಿ ಮಾಡಿದ ಪಟ್ಟಿ ಅದು.

"ಇದೇನು ಮಗಾ, ಹಸೆನ ಅರ್ಧ ಕೊಯ್ದು ಇಟ್ಟೀರಿ? ಇಡೀದು ಇಡಿ. ಇಲ್ಲ ಅಂದ್ರೆ ಬರೀ ಎಳೆ ಇಡಿ."

ಬಂದು ಮಾಸ್ಟರ್ ಪೇಜ್ ತೆರೆದೆ. ಪ್ರತಿ ಪುಟದಲ್ಲೂ ಬರುವ ಪಟ್ಟಿ, ಪುಟಸಂಖ್ಯೆ, ಅಂಚು ಎಲ್ಲ ಇರುವುದು ಅಲ್ಲಿ. ಪಟ್ಟಿ ತೆಗೆದು ಎರಡು ಎಳೆಯ ಸರಳ ಗೆರೆ ಹಾಕಿದೆ, ಎಲ್ಲ ಪುಟದಲ್ಲೂ ಬದಲಾಯಿತು. ಇಡೀ ಹಸೆಗೆ ಒಂದು ಪೂರ್ತಿ ಪುಟ ಕೊಟ್ಟೆ, ಅದರ ಮೇಲೆ ಒಂದು ಅಕ್ಷರವೂ ಇಲ್ಲ. ಬೇಡ ಅಂದ ಸಾಲು ತೆಗೆದಾಗ ಬರಹ ತಾನಾಗಿ ಮೇಲಕ್ಕೆ ಸರಿಯಿತು, ಚೌಕಗಳು ಜೋಡಿಸಿದ್ದವು ಅಲ್ವಾ. ಇಂಗ್ಲಿಷ್ ಪುಸ್ತಕಕ್ಕೂ ಅದೇ ಮಾಸ್ಟರ್ ಪೇಜ್ ತಂದು ಹಾಕಿದೆ. ಊರಿನವರು ಒಂದು ಮಾತು ಹೇಳಿದರೆ ಅದು ಎಲ್ಲ ಪುಟಕ್ಕೂ ಕೂಡಲೇ ತಲುಪಬೇಕು, ತಿದ್ದುವುದು ಕಷ್ಟ ಅಂತ ಅವರ ಮಾತನ್ನು ಪಕ್ಕಕ್ಕಿಡುವ ಸ್ಥಿತಿ ಬರಬಾರದು. ಮಾಸ್ಟರ್ ಪೇಜ್, ಸ್ಟೈಲ್, ಜೋಡಿಸಿದ ಚೌಕ ಈ ಮೂರೂ ಇರುವ ಸಾಫ್ಟ್‌ವೇರೇ ಬೇಕು ಅಂತ ನಾನು ಹಠ ಹಿಡಿದದ್ದು ಇದಕ್ಕೆ.

ಪ್ರೆಸ್‌ಗೆ ಕೊಡುವಾಗ ಕೆಮ್ಮಣ್ಣಿನ ಮುಖಪುಟ ಸ್ವಲ್ಪ ಕಾಡಿತು. ಪರದೆ ಮೇಲಿನ ಕೆಂಪು ನಾಲ್ಕು ಶಾಯಿಯ ಮುದ್ರಣದಲ್ಲಿ ಬೇರೆಯೇ ಕಾಣುತ್ತೆ, ಅದಕ್ಕೆ ಬಣ್ಣವನ್ನು ಸ್ಕ್ರೈಬಸ್‌ನಲ್ಲಿ ಸಿಎಂವೈಕೆ ಅಳತೆಯಲ್ಲೇ ಕೊಟ್ಟು, ಮೊದಲು ಒಂದು ಹಾಳೆ ತೆಗೆಸಿ ಗೋಡೆಯ ಪಕ್ಕ ಹಿಡಿದು ನೋಡಿದೆವು. ಇನ್ನೊಂದು, ಗಾಢ ಬಣ್ಣದ ನಡುವಿನ ತೀರಾ ಸಣ್ಣ ಬಿಳಿ ಗೆರೆಗಳು ಪ್ರಿಂಟಿನಲ್ಲಿ ಮುಚ್ಚಿಹೋಗುತ್ತವೆ, ಶಾಯಿಗಳು ಕೂದಲೆಳೆಯಷ್ಟು ಸರಿದರೂ ಸಾಕು. ಮುಖಪುಟದ ಗೆರೆಗಳನ್ನು ಒಂದು ಪಾಯಿಂಟಿಗಿಂತ ದಪ್ಪ ಇಟ್ಟೆವು. ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗಲಿ ಅಂತ ಅಂಚಿನಾಚೆ ಬಿಡುವ ಬಣ್ಣ), ಮಧ್ಯಕ್ಕೆ ಪಿನ್ ಹೊಡೆಯುವುದರಿಂದ ಪುಟಗಳು ನಾಲ್ಕರ ಲೆಕ್ಕದಲ್ಲಿ. ಮೇಲ್‌ಗೆ ಬೇರೆ ಪಿಡಿಎಫ್: ಚಿತ್ರಗಳ ಸಾಂದ್ರತೆಯನ್ನು 300ರಿಂದ 150 ಡಿಪಿಐಗೆ ಇಳಿಸಿದರೆ ಜಿಮೇಲ್‌ನ 25 ಎಂಬಿ ಮಿತಿಯೊಳಗೆ ಆರಾಮಾಗಿ ಬಂತು, ಹಳ್ಳಿಯ ನೆಟ್‌ವರ್ಕಿನಲ್ಲೂ ಇಳಿಯುತ್ತೆ.

ತೀರ್ಥಹಳ್ಳಿ ಕಡೆಯ ಗೆಳೆಯರೊಬ್ಬರು ಯಕ್ಷಗಾನದ ಬಗ್ಗೆ ಇಂಥದ್ದೇ ಒಂದನ್ನು ಮಾಡುತ್ತಿದ್ದಾರೆ, ನಮ್ಮ ಫೈಲ್ ಕೇಳಿದರು. ಸ್ಕ್ರೈಬಸ್‌ನಲ್ಲಿ ಕಲೆಕ್ಟ್ ಫಾರ್ ಔಟ್‌ಪುಟ್ ಒತ್ತಿದರೆ ಫೈಲ್, ಚಿತ್ರ, ಫಾಂಟ್ ಎಲ್ಲ ಒಂದೇ ಫೋಲ್ಡರಿಗೆ ಬರುತ್ತವೆ, ಹಾಗೇ ಕೊಟ್ಟೆ. ನೋಡಿ ಅವರು ಸ್ಕ್ರೈಬಸ್ ಬೇಡ ಅಂದರು. ಅವರದ್ದು ಸಭೆಯಲ್ಲಿ ನಿಂತು ಪ್ರೊಜೆಕ್ಟರ್ ಹಾಕಿ ತೋರಿಸುವ ಪಿಚ್, ಪುಟಕ್ಕೆ ಒಂದು ಚಿತ್ರ, ಎರಡು ಸಾಲು. ಅದಕ್ಕೆ ಲಿಬ್ರೆ ಆಫೀಸ್ ಇಂಪ್ರೆಸ್ ಸಾಕು ಅಂತ ನಾನೂ ಹೇಳಿದೆ. ಪರೀಕ್ಷೆ ಪುಟವನ್ನು ಮಾತ್ರ ತೆಗೆದುಕೊಂಡು ಹೋದರು, ಅದಕ್ಕೆ 'ಚೆಂಡೆ', 'ಮದ್ದಳೆ', 'ವೇಷಧಾರಿ' ಸೇರಿಸಿಕೊಂಡಿದ್ದಾರಂತೆ.